ನೆಟ್‌ಗೆ ಸೇರಿಸಿದ ಜೆರಾಕ್ಸ್ ಮೆಷಿನ್: ದೂರದಲ್ಲಿ ಕೂತವರು ನಮ್ಮ ಆಧಾರ್ ಓದುತ್ತಾರಾ?

ಹೇಳಿಕೆ: ‘ಇಂಟರ್ನೆಟ್ ಇರುವ ಮೆಷಿನ್‌ನಲ್ಲಿ ಆಧಾರ್, ಪಹಣಿ ಜೆರಾಕ್ಸ್ ಮಾಡಿಸಬೇಡಿ. ಕಂಪನಿಯವರು ದೂರದಿಂದಲೇ ಎಲ್ಲ ಓದುತ್ತಾರೆ.’ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು.

ವಾಸ್ತವ: ಅರ್ಧ ಸತ್ಯ. ಅಪಾಯ ಇದೆ, ಆದರೆ ಬೇರೆ ಕಡೆ ಇದೆ.

ದೂರದಿಂದ ನೋಡುವುದೇಕೆ?

ಕಳಸದ ಕಚೇರಿಯಲ್ಲಿ ಪ್ರಿಂಟರ್ ಕೆಟ್ಟರೆ ಚಿಕ್ಕಮಗಳೂರಿನಿಂದ ರಿಪೇರಿಯವರು ಘಾಟಿ ದಾರಿಯಲ್ಲಿ ಬರಬೇಕು. ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ತೇವಕ್ಕೆ ಪೇಪರ್ ಮೆತ್ತಗಾಗಿ ಒಳಗೆ ಸಿಕ್ಕಿಕೊಳ್ಳುತ್ತದೆ. ತೊಂದರೆ ಏನೆಂದು ಮೊದಲೇ ಗೊತ್ತಾದರೆ ಕೆಲವನ್ನು ಫೋನಿನಲ್ಲೇ ಸರಿಪಡಿಸಬಹುದು, ಇಲ್ಲವೇ ಬೇಕಾದ ಬಿಡಿಭಾಗ ಹಿಡಿದೇ ಹೊರಡಬಹುದು.

ಅವರಿಗೆ ಏನು ಕಾಣುತ್ತದೆ?

ಇದಕ್ಕೆ ಹೆಚ್ಚಾಗಿ ಬಳಸುವುದು 1988ರಲ್ಲಿ ಬಂದ ಎಸ್‌ಎನ್‌ಎಂಪಿ ಎಂಬ ವ್ಯವಸ್ಥೆ. ಪ್ರಿಂಟರ್‌ಗಳು ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿ 1995ರಲ್ಲಿ ಸಿದ್ಧವಾಯಿತು. ಟೋನರ್ ಎಷ್ಟು ಉಳಿದಿದೆ, ಎಷ್ಟು ಪುಟ ಅಚ್ಚಾಗಿದೆ, ಪೇಪರ್ ಎಲ್ಲಿ ಸಿಕ್ಕಿದೆ, ಮುಚ್ಚಳ ತೆರೆದಿದೆಯೇ ಎಂಬುದು ತಿಳಿಯುತ್ತದೆ. ಪುಟದಲ್ಲಿ ಬರೆದಿರುವುದು ಈ ಪಟ್ಟಿಯಲ್ಲಿಲ್ಲ. ಆದರೆ ಕೆಲವು ಕಚೇರಿಗಳ ತಂತ್ರಾಂಶ ಯಾರು, ಯಾವಾಗ, ಯಾವ ಹೆಸರಿನ ಫೈಲ್ ಪ್ರಿಂಟ್ ಮಾಡಿದರು ಎಂಬುದನ್ನು ದಾಖಲಿಸಬಲ್ಲದು.

ಹಾಗಾದರೆ ಅಪಾಯ ಎಲ್ಲಿದೆ?

ಮೊದಲನೆಯದು ಹಾರ್ಡ್ ಡಿಸ್ಕ್. ಜೆರಾಕ್ಸ್, ಸ್ಕ್ಯಾನ್, ಪ್ರಿಂಟ್ ಮೂರನ್ನೂ ಮಾಡುವ ಹಲವು ದೊಡ್ಡ ಮೆಷಿನ್‌ಗಳಲ್ಲಿ ಡಿಸ್ಕ್ ಇರುತ್ತದೆ. ಪ್ರತಿಗಳು ಅದರಲ್ಲಿ ಉಳಿಯಬಹುದು. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆ ಮೆಷಿನ್‌ಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿತ್ತು. ಅಂಥದ್ದೊಂದನ್ನು 2010ರಲ್ಲಿ ಸಿಬಿಎಸ್ ಸುದ್ದಿವಾಹಿನಿ ಕೊಂಡಾಗ ರೋಗಿಗಳ ವಿವರ ಒಳಗೇ ಇತ್ತು. 2013ರಲ್ಲಿ ಸಂಸ್ಥೆ 12 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯಿತು.

ಎರಡನೆಯದು ಬೀಗವಿಲ್ಲದ ಬಾಗಿಲು. 2018ರ ಕೊನೆಯಲ್ಲಿ ಜಗತ್ತಿನ ಹಲವೆಡೆ ಪ್ರಿಂಟರ್‌ಗಳು ತಾವಾಗಿಯೇ ಒಬ್ಬ ಯೂಟ್ಯೂಬರ್‌ನ ಪ್ರಚಾರ ಪತ್ರ ಅಚ್ಚು ಹಾಕಿದವು. ಅವೆಲ್ಲ ರಕ್ಷಣೆಯಿಲ್ಲದೆ ಇಂಟರ್ನೆಟ್‌ಗೆ ತೆರೆದಿದ್ದ ಪ್ರಿಂಟರ್‌ಗಳು. ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್ ಬದಲಿಸದಿದ್ದರೆ, ಒಳಹೊಕ್ಕವರು ಮೆಷಿನ್‌ನ ಸೆಟ್ಟಿಂಗ್ ಕೂಡ ಬದಲಿಸಬಹುದು.

ಏನು ಮಾಡಬೇಕು?

ಎಸ್ಟೇಟ್ ಕಚೇರಿ, ಸೊಸೈಟಿ, ಜೆರಾಕ್ಸ್ ಅಂಗಡಿಯವರು:
• ಪಾಸ್‌ವರ್ಡ್ ಬದಲಿಸಿ, ಮೆಷಿನ್‌ನ ತಂತ್ರಾಂಶ ಅಪ್‌ಡೇಟ್ ಮಾಡಿಸಿ.
• ಪ್ರಿಂಟರ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ.
• ಮಾರುವ ಅಥವಾ ಬಾಡಿಗೆ ಮೆಷಿನ್ ಹಿಂದಿರುಗಿಸುವ ಮುನ್ನ ಡಿಸ್ಕ್ ಅಳಿಸಿ.

ಜೆರಾಕ್ಸ್ ಮಾಡಿಸುವವರು:
• ಪೂರ್ತಿ ನಂಬರ್ ಬೇಡದ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ. ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ.
• ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಫೈಲನ್ನು ಪ್ರಿಂಟ್ ಆದ ಮೇಲೆ ಎದುರಿಗೇ ಡಿಲೀಟ್ ಮಾಡಿಸಿ.

ತೀರ್ಮಾನ: ದೂರದಿಂದ ಟೋನರ್ ನೋಡುವವರಿಗಿಂತ, ಅಳಿಸದೆ ಗುಜರಿಗೆ ಹೋಗುವ ಡಿಸ್ಕ್ ಹೆಚ್ಚು ಅಪಾಯಕಾರಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನೇ ಮಾಡಿ ಎಂಬುದು ನಮ್ಮ ಕೋರಿಕೆ.