ಮಂಗನ ಕಾಯಿಲೆ ಮತ್ತು ಮಲೆನಾಡಿನ ಋತುಚಕ್ರ

ಕ್ಯಾಸನೂರು ಕಾಡಿನ ಕಾಯಿಲೆ ಅಥವಾ ಕೆಎಫ್‌ಡಿ ಎಂದು ಹೆಸರಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವ ವೈರಸ್ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು, ಸುತ್ತಲ ಹಳ್ಳಿಗರು ಜ್ವರದಿಂದ ಹಾಸಿಗೆ ಹಿಡಿದರು. ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರ ತನಿಖೆಗಿಳಿಯಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಸಂಗಡಿಗರಿಗೆ ಸಿಕ್ಕಿದ್ದು ಹೊಸದೇ ಆದ ವೈರಸ್. ಅದು ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು. ವಲಸೆ ಹಕ್ಕಿಗಳು ತಂದಿರಬಹುದೆಂಬ ಗುಮಾನಿಯೂ ಎದ್ದು, ಸಲೀಂ ಅಲಿಯವರ ಹಕ್ಕಿ ವಲಸೆ ಅಧ್ಯಯನಕ್ಕೆ ಕಾರಣವಾಯಿತು.

ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲಿ ಡೆಂಗಿ ಮಳೆಯ ಬೆನ್ನಿಗೆ ಬರುತ್ತದೆ. ನಿಂತ ನೀರು ಸೊಳ್ಳೆಗೆ ತೊಟ್ಟಿಲು. ಮಂಗನ ಕಾಯಿಲೆಯದು ಇದಕ್ಕೆ ತಿರುವುಮುರುವು. ಹೆಮಫೈಸಾಲಿಸ್ ಸ್ಪಿನಿಜೆರ ಎಂಬ ಉಣುಗು ಬಲಿತ ಮೇಲೆ ಮಳೆಗಾಲದಲ್ಲಿ ದನಕರುಗಳಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ಹಿಂದೆಗೆದಂತೆ ಲಾರ್ವಾಗಳು, ಅವುಗಳ ಬೆನ್ನಿಗೆ ಮುಂದಿನ ಹಂತದ ನಿಂಫ್‌ಗಳು ಬರುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಈ ನಿಂಫ್. ಕಣ್ಣಿಗೆ ಬೀಳುವುದೇ ಕಷ್ಟ, ಅಷ್ಟು ಸಣ್ಣದು. ನವೆಂಬರಿನಿಂದ ಮೇ ತನಕ ಕಾಡಿನ ನೆಲದಲ್ಲಿ ಅದರದೇ ಕಾಲ. ಮಲೆನಾಡಿನವರು ದರಗು ಗುಡಿಸಲು, ಸೌದೆ ಕೂಡಿಡಲು ಕಾಡಿಗೆ ಹೋಗುವುದೂ ಆಗಲೇ. ಜ್ವರದ ಪ್ರಕರಣಗಳು ಜನವರಿಯಿಂದ ಏಪ್ರಿಲ್‌ವರೆಗೆ ಏರುವುದಕ್ಕೆ ಹವೆಯಷ್ಟೇ ಕಾರಣವಲ್ಲ, ರೈತಾಪಿ ಬದುಕಿನ ಕೆಲಸದ ಕಾಲವೂ ಕಾರಣ.

ಕಾಡು ಕಡಿದು ದನ ಮೇಯಿಸತೊಡಗಿದ್ದರಿಂದ ಉಣುಗು ಹೆಚ್ಚಿತೆಂದು ಸಂಶೋಧಕ ಹೋರ್ಹೆ ಬೊಶೆಲ್ 1969ರಲ್ಲೇ ವಾದಿಸಿದರು. ಋತುವನ್ನೊಂದೇ ದೂರುವವರು ಈ ಮಾತನ್ನು ಗಂಭೀರವಾಗಿ ಓದಬೇಕು. ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ 1980ರ ದಶಕದ ಆರಂಭದಲ್ಲಿ ರೋಗ ಸಿಡಿದದ್ದೂ ಕಾಡು ಕಡಿದ ಮೇಲೆಯೇ.

ಸೋಂಕು ತಗಲಿದ ಮುಸಿಯ, ಅಂದರೆ ಕರಿಮುಖದ ಮಂಗ, ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗುಗಳು ಸುತ್ತ ಚೆದುರುತ್ತವೆ. ಆದ್ದರಿಂದಲೇ ಸತ್ತ ಜಾಗದ ಸುತ್ತ 50 ಮೀಟರ್ ಮಲಾಥಿಯಾನ್ ಪುಡಿ ಎರಚುವ ರೂಢಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸಾವುನೋವುಗಳಿಂದ ತತ್ತರಿಸಿತು. 1990ರಿಂದ ವ್ಯಾಪಕವಾಗಿ ಕೊಡುತ್ತಿದ್ದ ಲಸಿಕೆಯ ಸಾಮರ್ಥ್ಯ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಕಾಡಿಗೆ ಹೋಗುವವರಿಗೆ ಸದ್ಯ ಉಳಿದಿರುವ ರಕ್ಷಣೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ.