ಅರಿಯದಿರುವುದೇ ಹೆಮ್ಮೆಯಾದಾಗ

ಅರಿಯದಿರುವುದು ದೋಷವಲ್ಲ; ಅರಿಯದಿರುವುದನ್ನೇ ಹೆಮ್ಮೆಯೆಂದು ಮೆರೆಸುವುದು ದೋಷ. ಅಮೆರಿಕದಲ್ಲಿ ಪಂಡಿತರನ್ನು ಹೀಗಳೆಯುವ ಪ್ರವೃತ್ತಿ ಎಷ್ಟು ಹಳೆಯದೆಂಬುದನ್ನು ಅಲ್ಲಿನ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಡ್ಟರ್ ಅವರು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಎಲ್ಲರೂ ಸಮಾನರೆಂದ ಮಾತ್ರಕ್ಕೆ ಅಜ್ಞಾನವೂ ಜ್ಞಾನವೂ ಸಮಾನವೆಂದು ಬಗೆಯುವ ಭ್ರಮೆಯನ್ನು 1980ರಲ್ಲಿ ಲೇಖಕ ಐಸಾಕ್ ಅಸಿಮೋವ್ ಅವರು ಖಂಡಿಸಿದರು.

ಇದು ದೂರದ ದೇಶದ ವ್ಯಾಧಿ ಮಾತ್ರವಲ್ಲ. 2018ರ ಜುಲೈ ತಿಂಗಳಲ್ಲಿ, ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಹಂಚಿದ ಪರವೂರಿನವರನ್ನು ಮಕ್ಕಳ ಕಳ್ಳರೆಂದು ಬಗೆದು ಜನಸಮೂಹ ಥಳಿಸಿತು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಪ್ರಾಣ ತೆತ್ತರು. ಮೊಬೈಲಿನಲ್ಲಿ ಬಂದ ಸುಳ್ಳನ್ನು ನಿಲ್ಲಿಸಿ ವಿಚಾರಿಸುವ ತಾಳ್ಮೆ ಆ ಗುಂಪಿಗೆ ಇರಲಿಲ್ಲ.

ಆದರೆ ನಮ್ಮ ನಾಡಿನ ಪರಂಪರೆ ಬೇರೆಯದು. ಹಾವೇರಿ ಜಿಲ್ಲೆಯ ನಾಲ್ಕು ಸೀಮೆಗಳನ್ನೇ ನೋಡೋಣ. ಶಿಗ್ಗಾವಿಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಮುಸಲ್ಮಾನರು. ಕಳಸದ ಬ್ರಾಹ್ಮಣ ಗೋವಿಂದಭಟ್ಟರನ್ನು ಗುರುವೆಂದು ಬಗೆದು ಕಲಿತರು. ಹಾನಗಲ್ ಸೀಮೆಯ ಅಂಧ ಬಾಲಕನೊಬ್ಬನಿಗೆ ಹಾನಗಲ್ ಕುಮಾರಸ್ವಾಮಿಗಳು ಸಂಗೀತ ಕಲಿಯುವ ದಾರಿ ತೆರೆದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನವರೆಗೆ ವಿದ್ಯೆಯನ್ನು ಅರಸಿ ಹೋದರು.

ಹಿರೇಕೆರೂರು ಸೀಮೆಯವನೆಂದು ಪರಂಪರೆ ಹೇಳುವ ಸರ್ವಜ್ಞನ ಕಥೆಯಂತೂ ನಮ್ಮ ಕ್ರೈಸ್ತ ಕುಟುಂಬಗಳು ವಿಶೇಷವಾಗಿ ನೆನೆಯತಕ್ಕದ್ದು. ಓದುಬರಹ ಬಾರದ ರೈತರೂ ಹೆಣ್ಣುಮಕ್ಕಳೂ ಅವನ ತ್ರಿಪದಿಗಳನ್ನು ತಲೆಮಾರುಗಳ ಕಾಲ ನಾಲಗೆಯ ಮೇಲೆ ಉಳಿಸಿಕೊಂಡರು. ಧಾರವಾಡದಲ್ಲಿ 1881ರಲ್ಲಿ ಜನಿಸಿದ ಬಾಸೆಲ್ ಮಿಷನ್ನಿನ ಸಭಾಪಾಲಕ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಅವುಗಳನ್ನು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಹಾಕಿ, ಸುಮಾರು 2,000 ವಚನಗಳ ಸಂಪುಟವನ್ನು 1924ರಲ್ಲಿ ಹೊರತಂದರು. ಕನ್ನಡ ನಾಡು 1949ರಲ್ಲಿ ಅವರನ್ನು ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಗೌರವಿಸಿತು.

ಇಲ್ಲಿಯ ಪಾಠ ಸ್ಪಷ್ಟ. ಅಕ್ಷರ ಬಾರದವರು ಅರಿವನ್ನು ಹಗುರವೆನ್ನಲಿಲ್ಲ. ಅಕ್ಷರ ಬಲ್ಲ ಬೋಧಕರು ಅವರ ಬಳಿಗೆ ಹೋಗಿ ಕೇಳುವುದನ್ನು ಕೀಳೆನ್ನಲಿಲ್ಲ. ಬಡತನ, ಕುರುಡು, ಜಾತಿಮತಗಳ ಗೋಡೆ ಯಾವುದೂ ಕಲಿಕೆಗೆ ಅಡ್ಡಿಯಾಗದ ನೆಲದಲ್ಲಿ, ಎಲ್ಲ ಸೌಕರ್ಯ ಪಡೆದ ನಾವು ತಿಳಿಯದೆಯೇ ತೀರ್ಪು ಕೊಡುವುದು ನಾಚಿಕೆಗೇಡು. ನಮ್ಮ ಮನೆಗಳಲ್ಲಿ ಮಕ್ಕಳು "ನನಗೆ ತಿಳಿಯದು" ಎನ್ನಲು ಅಂಜದಿರಲಿ; ಅದರ ಬೆನ್ನಿಗೇ "ತಿಳಿದು ಬರುತ್ತೇನೆ" ಎನ್ನುವುದನ್ನೂ ಕಲಿಯಲಿ.