ಗಾಜಾದಿಂದ ಹೈಫಾವರೆಗೆ: ಪ್ಯಾಲೆಸ್ತೀನ್ ಚರ್ಚೆಯಲ್ಲಿ ಮೈಸೂರಿನ ಪಾಲು

ಇಸ್ರೇಲ್–ಪ್ಯಾಲೆಸ್ತೀನ್ ವಿವಾದದಲ್ಲಿ ಭಾರತದ ಪಾತ್ರದ ಮಾತು ಬಂದಾಗ ಹೈಫಾದ ಹೆಸರು ಕೇಳಿಬರುತ್ತದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಆ ಬಂದರನ್ನು ತುರ್ಕರಿಂದ ಗೆದ್ದದ್ದು ನಮ್ಮ ಹೆಮ್ಮೆ. ಅದಕ್ಕೆ ಹತ್ತು ತಿಂಗಳು ಮೊದಲು ಮೈಸೂರಿನ ದಳ ಗಾಜಾದಲ್ಲಿತ್ತು ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎರಡನ್ನೂ ಕೂಡಿಸಿಯೇ ಓದಬೇಕು ಎಂಬುದು ನನ್ನ ವಾದ.

ಮೈಸೂರು ಲ್ಯಾನ್ಸರ್ಸ್ ಎಂಬ ಈ ಅಶ್ವದಳವನ್ನು ಸಾಕುತ್ತಿದ್ದುದು ಸಂಸ್ಥಾನ. ಯುದ್ಧಕಾಲದಲ್ಲಿ ಹುಕುಂ ಬ್ರಿಟಿಷರದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿಯನ್ನೂ ಕೊಟ್ಟರು. ನಮ್ಮ ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಅಲ್ಲಿಯವರೆಗೆ ಈ ಸೀಮೆಯೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ಇಲ್ಲಿನ ಹೊಳಲು ಗ್ರಾಮದ ರೈತ ಕಟ್ಟಿದ ಕಂದಾಯವೂ ಅದೇ ಖಜಾನೆಗೆ ಹೋಗುತ್ತಿತ್ತು. ಪ್ಯಾಲೆಸ್ತೀನಿಗೂ ನಮಗೂ ಇರುವ ನಂಟು ಇಲ್ಲಿಂದ ಶುರು.

1917ರ ನವೆಂಬರ್ 7ರಂದು ಗಾಜಾ ಬಿದ್ದಾಗ ಮೈಸೂರಿನ ದಳವೂ ಇದ್ದ ಸಂಸ್ಥಾನಗಳ ಅಶ್ವದಳ ಬ್ರಿಗೇಡು ಹಾಳುಸುರಿಯುತ್ತಿದ್ದ ಆ ಪಟ್ಟಣವನ್ನು ಹಾದು, ತುರ್ಕರ ಬೆನ್ನಟ್ಟಿ ಬೇತ್ ಹನೂನ್ ಕಡೆಗೆ ಸಾಗಿತು. ಈಚಿನ ಯುದ್ಧದ ಸುದ್ದಿಯಲ್ಲಿ ನಾವು ಮತ್ತೆ ಮತ್ತೆ ಕೇಳಿದ ಬೇತ್ ಹನೂನ್ ಅದೇ. ಐದು ದಿನ ಹಿಂದೆಯಷ್ಟೇ ಬ್ರಿಟನ್ನಿನ ವಿದೇಶಾಂಗ ಸಚಿವ ಬಾಲ್ಫೋರ್, ಯಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ ರಾಷ್ಟ್ರೀಯ ನೆಲೆಯ ಭರವಸೆ ಕೊಟ್ಟಿದ್ದರು. ಅರಬರಿಗೆ ಸ್ವಾತಂತ್ರ್ಯದ ಆಸೆ ಹುಟ್ಟಿಸಿದ ಪತ್ರಗಳು 1915–16ರವು; ಫ್ರಾನ್ಸಿನೊಡನೆ ಗುಟ್ಟಾಗಿ ನೆಲ ಹಂಚಿಕೊಂಡದ್ದು 1916ರಲ್ಲಿ. ಒಂದೇ ಪ್ರದೇಶದ ಬಗ್ಗೆ ಒಂದಕ್ಕೊಂದು ಹೊಂದದ ಮಾತುಗಳು. ಇವನ್ನು ಜಾರಿಗೆ ತರಲು ಬೇಕಾದ ನೆಲ ಗೆದ್ದುಕೊಟ್ಟವರಲ್ಲಿ ಮೈಸೂರಿನ ಸವಾರರೂ ಇದ್ದರು.

ಹೈಫಾ ಪ್ರವೇಶದ ದಾರಿ ಕಾರ್ಮೆಲ್ ಬೆಟ್ಟಕ್ಕೂ ಕಿಶೋನ್ ಹೊಳೆಯ ಜೌಗಿಗೂ ನಡುವೆ ಇಕ್ಕಟ್ಟಾಗಿತ್ತು. ಬೆಟ್ಟದ ಮೇಲೆ ಫಿರಂಗಿ, ಮಷಿನ್ ಗನ್. ಮೈಸೂರಿನ ತುಕಡಿಯೊಂದು ಕಡಿದಾದ ದಾರಿ ಹತ್ತಿ ಅವುಗಳ ಮೇಲೆರಗಿತು; ಕೆಳಗಿನಿಂದ ನುಗ್ಗಿದ ಜೋಧಪುರದವರು ಮೇಜರ್ ದಳಪತ್ ಸಿಂಗರನ್ನು ಕಳೆದುಕೊಂಡರು. ಸೆರೆ ಸಿಕ್ಕವರು 1,350. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34, ಸತ್ತ ಕುದುರೆಗಳು 60. ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರೀತಾನಿನಲ್ಲಿ ಇದೇ ದಳಗಳು 21 ಜನರನ್ನು ಕಳೆದುಕೊಂಡವು. ಆ ಕದನಕ್ಕೆ ಯಾರ ನೆನಪಿನಲ್ಲೂ ಜಾಗವಿಲ್ಲ.

2018ರಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಸ್ಮರಣೆ ನ್ಯಾಯವಾದದ್ದೇ. ಆದರೆ ಈ ಗೆಲುವನ್ನು ಇಸ್ರೇಲಿಗಾಗಿ ಮಾಡಿದ ತ್ಯಾಗವೆನ್ನುವುದು ಇತಿಹಾಸಕ್ಕೆ ಹೊಂದದು; ಆಗ ಆ ದೇಶವೇ ಇರಲಿಲ್ಲ, ಸವಾರರು ಕಾದಿದ್ದು ಸಾಮ್ರಾಜ್ಯಕ್ಕಾಗಿ. ಅವರನ್ನು ಬಾಡಿಗೆ ಬಂಟರೆಂದು ಹೀಗಳೆಯುವುದೂ ಅಷ್ಟೇ ಅನ್ಯಾಯ.

1947ರಲ್ಲಿ ಪ್ಯಾಲೆಸ್ತೀನ್ ಕುರಿತ ವಿಶ್ವಸಂಸ್ಥೆಯ ಸಮಿತಿಯಲ್ಲಿ ಭಾರತ, ಇರಾನ್ ಮತ್ತು ಯುಗೊಸ್ಲಾವಿಯಾ ಸೇರಿ ಅರಬ್, ಯಹೂದಿ ಘಟಕಗಳ ಒಂದೇ ಒಕ್ಕೂಟ ರಾಜ್ಯವನ್ನು ಸೂಚಿಸಿದವು. ಆ ಸಲಹೆ ಬಿದ್ದುಹೋಯಿತು. ನವೆಂಬರ್ 29ರಂದು ವಿಭಜನೆ 33–13 ಮತಗಳಿಂದ ಅಂಗೀಕಾರವಾಯಿತು, ಭಾರತ ವಿರುದ್ಧ ಮತ ಹಾಕಿತು. ಭಾರತ ಇಸ್ರೇಲನ್ನು 1950ರಲ್ಲಿ, ಪ್ಯಾಲೆಸ್ತೀನನ್ನು 1988ರಲ್ಲಿ ಮಾನ್ಯ ಮಾಡಿತು. ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ 1992ರದು. ಎರಡು ರಾಷ್ಟ್ರಗಳ ಪರಿಹಾರ ಇಂದಿಗೂ ನಮ್ಮ ಅಧಿಕೃತ ನಿಲುವು. ಶಾಂತಿಯ ಮಾತಾಡುವ ಅರ್ಹತೆ ನಮಗೆ ದೂರದ ಪ್ರೇಕ್ಷಕರಾಗಿ ಬಂದದ್ದಲ್ಲ, ಆ ನೆಲದ ಭವಿಷ್ಯ ಬದಲಿಸಿದ ದಂಡಯಾತ್ರೆಯಲ್ಲಿ ಪಾಲುಗೊಂಡವರಾಗಿ ಬಂದದ್ದು. ನಮ್ಮ ಶಾಲೆಯ ಪಠ್ಯದಲ್ಲಿ ಹೈಫಾದ ಪಾಠ ಬರುವುದಾದರೆ, ಅದೇ ಪುಟದಲ್ಲಿ ಗಾಜಾ ಮತ್ತು ಬೇತ್ ಹನೂನ್ ಹೆಸರುಗಳೂ ಬರಲಿ.